ಮಾಸು

ಔಲು, ಫೆಬ್ರವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಡಲು ಹೆಪ್ಪುಗಟ್ಟಿ ಅದರ ಮೇಲೆ ಲಾರಿ ಓಡುತ್ತಿದೆ.
ಆದರೂ ರಕ್ತಕ್ಕೆ ಬೇಕಾದ ಮಂಜುಗಡ್ಡೆಯನ್ನು
ನಾವು ಮೆಷಿನ್ನಿನಲ್ಲೇ ಮಾಡಬೇಕು,
ಪುಡಿಮಾಡಿ ಬಕೆಟ್ಟಿಗೆ ತುಂಬಬೇಕು.
ಕಾಗದದ ಕಾರ್ಖಾನೆಯ ಕೊಳೆತ ಮೊಟ್ಟೆಯ ನಾತ
ಎರಡು ಪದರದ ಕಿಟಕಿ ದಾಟಿ ಒಳಗೆ.
'ದುಡ್ಡಿನ ವಾಸನೆ' ಅನ್ನುತ್ತಾಳೆ ಹಿಲ್ಕ, ನಗದೆ.

ಹಿಲ್ಕಳ ಕಟ್ಟಳೆ:
ರಕ್ತ ಬಂತೆಂದರೆ ಕಾಫಿ ಬಿಟ್ಟು ಏಳು.
ಸೀರಮ್ಮು ಕೆಂಪಗಿದ್ದರೆ ವಾಪಸ್ ಕಳಿಸು,
ಒಡೆದ ಕಣ ಇನ್ಸುಲಿನ್ನನ್ನು ತಿಂದು ತೇಗಿರುತ್ತದೆ.
ಗ್ಲುಕಗಾನ್ ಇನ್ನೂ ನಾಜೂಕು,
ತಣ್ಣಗಿಡದಿದ್ದರೆ ಕಾರಿಡಾರಿನಲ್ಲೇ ಕರಗೀತು.
ಪಿಪೆಟ್ ಹಿಡಿದಾಗ ಗಂಡನನ್ನು ನೆನೆಯಬೇಡ.
ನನಗೆ ಗಂಡನಿಲ್ಲ ಎಂದೆ.
'ಮತ್ತೂ ಒಳ್ಳೆಯದಾಯಿತು.'

ಲೆಕ್ಕವೆಲ್ಲ ತಲೆಕೆಳಗು ಇಲ್ಲಿ.
ಗಿನಿಯಿಲಿಯ ನೆತ್ತರಲ್ಲಿ ಬೆಳೆಸಿದ ಪ್ರತಿಕಾಯ,
ಅದಕ್ಕಿರುವ ಕೈಗಳು ಇಷ್ಟೇ ಇಷ್ಟು.
ಅಯೋಡಿನ್ನಿನ ಗೆಜ್ಜೆ ಕಟ್ಟಿಸಿಕೊಂಡ ಇನ್ಸುಲಿನ್ನೂ
ರೋಗಿಯ ಬರಿಗಾಲ ಇನ್ಸುಲಿನ್ನೂ
ಆ ಕೈ ಹಿಡಿಯಲು ನೂಕಾಡಬೇಕು
ರಾತ್ರಿಯಿಡೀ, ನಾಲ್ಕು ಡಿಗ್ರಿಯ ಕತ್ತಲಲ್ಲಿ.
ಬೆಳಿಗ್ಗೆ ತಿರುಗಿಸಿ, ಮೇಲಿನ ನೀರು ಬಗ್ಗಿಸಿ,
ತಳದಲ್ಲಿ ಉಳಿದ ಗೆಜ್ಜೆ ಎಣಿಸುತ್ತೇವೆ.
ಸದ್ದು ಕಮ್ಮಿಯಾದಷ್ಟೂ ಆ ರಕ್ತದಲ್ಲಿ ಹೆಚ್ಚು.
ಬಂದವರನ್ನು ಎಣಿಸುವುದಲ್ಲ,
ಅವರು ಹೊರದಬ್ಬಿದ್ದು ಎಷ್ಟು ಜನರನ್ನೆಂದು ನೋಡಿ
ಇಷ್ಟು ಮಂದಿ ಬಂದಿರಬೇಕು ಅನ್ನುವುದು.

ಗೆಜ್ಜೆಗೂ ಆಯುಸ್ಸಿದೆ.
ಅರವತ್ತು ದಿನಕ್ಕೆ ಅರ್ಧ ಮಾಸುತ್ತದೆ.

ಹದಿನೇಳನೆಯ ಕೊಳವೆ ಮೂಕ.
ಗ್ರಾಫ್ ಹಾಳೆಯ ಗೆರೆ ಮುಗಿದ ಮೇಲೂ
ಅದರ ಚುಕ್ಕಿ ಬಲಕ್ಕೆ, ಇನ್ನೂ ಬಲಕ್ಕೆ.
ಇಪ್ಪತ್ತಾರು ವರ್ಷ, ಕೆಮಿಯವಳು, ಅಂಚೆ ಕಚೇರಿ.
ಟಪಾಲು ವಿಂಗಡಿಸುತ್ತ ಕುಸಿದುಬಿದ್ದಾಗ
ಸಕ್ಕರೆ ಒಂದೂವರೆ.
ಮೇದೋಜ್ಜೀರಕದಲ್ಲಿ ಗಂಟು, ಎಂದರು ಡಾಕ್ಟರ್ ಲೆಹ್ತೊವಾರ.
ಸಾಸಿವೆಕಾಳಿನಷ್ಟಿದ್ದರೂ ಹುಡುಕಿ ತೆಗೆಯುತ್ತಾರಂತೆ,
ಗುರುವಾರ ಎಂಟಕ್ಕೆ.

'ಕರು ಕಂಡೆ, ಮಾಸು ಕಂಡೆಯಾ?'
ಹಿಲ್ಕ ಹಸುಗಳ ನಡುವೆ ಬೆಳೆದವಳು.
ಕೊಟ್ಟಿಗೆಯಲ್ಲಿ ಕರು ನಿಂತಿದೆ ಎಂದ ಮಾತ್ರಕ್ಕೆ
ನಮ್ಮ ಹಸುವೇ ಈದಿದೆ ಎನ್ನಲಾದೀತೆ?
ಒಳಗೆ ಹುಟ್ಟುವ ಒಂದೊಂದು ಇನ್ಸುಲಿನ್ನಿಗೂ
ಕತ್ತರಿಸಿ ಬಿಟ್ಟ ತುಂಡೊಂದು ಜೊತೆಗೆ ಬೀಳುತ್ತದೆ.
ಸಿ-ಪೆಪ್ಟೈಡ್. ಬಹಳ ಕಾಲ ಯಾರೂ ಮೂಸದ್ದು.
ಬಾಟಲಿಯಲ್ಲಿ ಬರುವುದಕ್ಕೆ ಅದಿರುವುದಿಲ್ಲ,
ಕಾರ್ಖಾನೆಯಲ್ಲಿ ತೊಳೆದು ಒರೆಸಿ ಕಳಿಸಿರುತ್ತಾರೆ.

ಬೇರೆ ಪ್ರತಿಕಾಯ, ಬೇರೆ ಗೆಜ್ಜೆ, ಇನ್ನೊಂದು ರಾತ್ರಿ.
ಹದಿನೇಳು ಈಗ ಮೊಳಗಿತು,
ಒಂದು ಗೆಜ್ಜೆಯೂ ಜಾಗ ಬಿಟ್ಟು ಕದಲಿರಲಿಲ್ಲ.
ಮತ್ತೆ ಮಾಡಿದೆ. ನನ್ನ ಕೈತಪ್ಪೇ ಇರಲಿ ಎಂದು
ಬೇಡಿಕೊಂಡದ್ದು ಅದೊಂದೇ ಸಲ.
ಬುಧವಾರ ಹತ್ತೂ ಮುಕ್ಕಾಲು. ಅದೇ ಅಂಕಿ.

ಫೋನಿನಲ್ಲಿ ಡಾಕ್ಟರ್ ಬಹಳ ಹೊತ್ತು ಉಸಿರಾಡಿದರು.
'ಅಂದರೆ?'
'ಅಂದರೆ ಕರು ಹೊರಗಿನದು' ಎಂದೆ,
ಹಿಲ್ಕಳ ಬಾಯಿ ನನಗೆ ಬಂದಂತೆ.

ಗುರುವಾರ ಎಂಟಕ್ಕೆ ಆ ಮೇಜಿನ ಮೇಲೆ
ಯಾರದೋ ಪಿತ್ತಕೋಶ ತೆರೆದರು.

ಆಮೇಲೆ ತಿಳಿದದ್ದು ಇಷ್ಟೇ: ಅವಳ ತಮ್ಮನಿಗೆ ಸಕ್ಕರೆ ಕಾಯಿಲೆ.
ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಅವನ ಬಾಟಲಿಗಳು.
ಸೂಜಿ ಹಿಡಿದದ್ದು ಯಾರ ಕೈಯೋ, ಅವಳದೇ ಕೈಯೋ,
ಏಕೋ,
ಆ ಪ್ರಶ್ನೆಗೆ ಪ್ರತಿಕಾಯ ಬೆಳೆಸುವ
ಗಿನಿಯಿಲಿಯನ್ನು ಯಾರೂ ಸಾಕಿಲ್ಲ.

ಮುಖ ಕಂಡವಳಲ್ಲ ನಾನು.
ಬಸ್ಸಿನ ಕಿಟಕಿಯ ಹಿಮವನ್ನು ಉಗುರಿನಲ್ಲಿ ಕೆರೆದು
ರೂಪಾಯಿಯಗಲದ ತೂತಿನಿಂದ ಹೊರಗೆ ನೋಡುವ
ಪ್ರತಿ ಹೆಂಗಸಿನ ತೋಳಿನ ಕಡೆ ಕಣ್ಣು ಹೋಗುತ್ತದೆ,
ದಪ್ಪ ಕೋಟು, ಏನೂ ಕಾಣದು.

ಏಪ್ರಿಲಿನಲ್ಲಿ ಹೊಸ ಅಯೋಡಿನ್ ಬಂತು. ಹಳೆಯದು ಅರ್ಧಕ್ಕಿಂತ ಕೆಳಗೆ.
ಫ್ರೀಜರಿನ ಮೂರನೆಯ ಅರೆ ತೊಳೆಯುವಾಗ
ಹದಿನೇಳು ಸಿಕ್ಕಿತು, ತಳದಲ್ಲಿ ನಾಲ್ಕು ಹನಿ.
ಹಿಲ್ಕ ಚೆಲ್ಲು ಎನ್ನಲಿಲ್ಲ.
ನಾನೂ ಕೇಳಲಿಲ್ಲ.